ಎರಡನೇ ಹಂತದ ಕರುಳಿನ ಕ್ಯಾನ್ಸರ್: ಕೀಮೋ ತೀರ್ಮಾನಕ್ಕೆ ಮೈಕ್ರೋ ಆರ್‌ಎನ್‌ಎ ಅಳತೆ ಈಗಲೇ ಬೇಕೆ?

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ರೋಗ ಮರುಕಳಿಸುವ ಸಂಭವ ಎಷ್ಟೆಂದು ಅಂದಾಜು ಮಾಡಲು ಪ್ರೋಟೀನ್ ತಯಾರಿಸದ ಆರ್‌ಎನ್‌ಎಗಳನ್ನು, ಅಂದರೆ ನಾನ್‌ಕೋಡಿಂಗ್ ಆರ್‌ಎನ್‌ಎಗಳನ್ನು, ಅದರಲ್ಲೂ ತೀರ ಗಿಡ್ಡವಾದ ಮೈಕ್ರೋ ಆರ್‌ಎನ್‌ಎಗಳನ್ನು, ಅಳೆಯಬಹುದೆಂಬ ಸಂಶೋಧನೆ ಎರಡು ದಶಕಗಳಿಂದ ನಡೆದಿದೆ. ದಾವಣಗೆರೆ, ಚಿತ್ರದುರ್ಗದಂಥ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲಿ ಎರಡನೇ ಹಂತದ ರೋಗಿಗೆ ಕೀಮೋ ಕೊಡಬೇಕೆ ಬೇಡವೆ ಎಂದು ತೀರ್ಮಾನಿಸುವಾಗ ಈ ಅಳತೆಗೆ ಈಗಲೇ ಜಾಗ ಕೊಡಬೇಕೆ ಎಂಬುದು ಇಲ್ಲಿನ ಪ್ರಶ್ನೆ. ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುವವರ ಕಡೆಯಿಂದ ಪರ ವಾದವೂ, ಕೀಮೋ ಕೊಡುವ ವೈದ್ಯರ ಕಡೆಯಿಂದ ವಿರೋಧ ವಾದವೂ ಇಲ್ಲಿವೆ.

ಪರ: ಬ್ಲಾಕಿನಲ್ಲಿ ಇರುವುದನ್ನು ಓದದೆ ಬಿಡುವುದೇಕೆ?

ಆಪರೇಷನ್ ಥಿಯೇಟರಿನಿಂದ ಕರುಳಿನ ತುಂಡು ಫಾರ್ಮಲಿನ್ ಡಬ್ಬಿಯಲ್ಲಿ ನಮ್ಮ ವಿಭಾಗಕ್ಕೆ ಬಂದು, ಮೇಣದಲ್ಲಿ ಹುದುಗಿದ ಬ್ಲಾಕಾದ ಮೇಲೆ ನಾವು ಹೇಳಬಲ್ಲ ಮುಖ್ಯ ಸಂಗತಿಗಳು ಕೆಲವೇ: ಗಡ್ಡೆ ಕರುಳಿನ ಗೋಡೆಯನ್ನು ಎಷ್ಟು ಆಳಕ್ಕೆ ಕೊರೆದಿದೆ, ಸುತ್ತಲಿನ ದುಗ್ಧಗ್ರಂಥಿಗಳಲ್ಲಿ ಎಷ್ಟಕ್ಕೆ ಹಬ್ಬಿದೆ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿವೆಯೆ. ಇದಕ್ಕೆ ಸ್ಕ್ಯಾನಿನ ವರದಿ ಸೇರಿ ರೋಗದ ಹಂತ ನಿರ್ಧಾರವಾಗುತ್ತದೆ. ಮೊದಲ ಹಂತದವರಿಗೆ ಆಪರೇಷನ್ನೇ ಸಾಕು, ಗ್ರಂಥಿಗಳಿಗೆ ಹಬ್ಬಿದ ಮೂರನೇ ಹಂತದವರಿಗೆ ಕೀಮೋ ಬೇಕು ಎಂಬುದರಲ್ಲಿ ಹೆಚ್ಚು ವಾದವಿಲ್ಲ. ತೊಡಕಿರುವುದು ಎರಡನೇ ಹಂತದಲ್ಲಿ: ಗಡ್ಡೆ ಗೋಡೆಯನ್ನು ದಾಟಿದೆ, ಆದರೆ ಗ್ರಂಥಿಗಳು ಸ್ವಚ್ಛವಾಗಿವೆ. ಇಂಥವರಲ್ಲಿ ಹೆಚ್ಚಿನವರು ಆಪರೇಷನ್ನಿನಿಂದಲೇ ಗುಣವಾಗಿರುತ್ತಾರೆ, ಕೆಲವರಲ್ಲಿ ಮಾತ್ರ ರೋಗ ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ಮತ್ತೆ ಕಾಣಿಸಿಕೊಳ್ಳುತ್ತದೆ, ಮತ್ತು ಆ ಕೆಲವರು ಯಾರೆಂದು ಸೂಕ್ಷ್ಮದರ್ಶಕ ಹೇಳುವುದಿಲ್ಲ.

ಈ ಅಜ್ಞಾನಕ್ಕೆ ಬೆಲೆಯಿದೆ. 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ವಾಸರ್ ಪ್ರಯೋಗದಲ್ಲಿ 3,239 ರೋಗಿಗಳಿದ್ದರು, ಅವರಲ್ಲಿ ಬಹುಪಾಲು ಎರಡನೇ ಹಂತದವರು. ಕೀಮೋ ಇಲ್ಲದೆ ಐದು ವರ್ಷದೊಳಗೆ ನೂರಕ್ಕೆ 20 ಮಂದಿ ತೀರಿಕೊಳ್ಳುತ್ತಾರೆಂದು ಇಟ್ಟುಕೊಂಡರೆ, ಎಲ್ಲರಿಗೂ ಫ್ಲೋರೋಯುರಾಸಿಲ್ ಎಂಬ ಕೀಮೋ ಔಷಧಿ ಕೊಟ್ಟಾಗ ಹೆಚ್ಚುವರಿಯಾಗಿ ಉಳಿಯುವವರು ನೂರಕ್ಕೆ 3.6 ಮಾತ್ರ ಎಂದು ಆ ಪ್ರಯೋಗ ಲೆಕ್ಕ ಹಾಕಿತು. ಮೂರು-ನಾಲ್ಕು ಜನರ ಸಲುವಾಗಿ ನೂರು ಜನ ಔಷಧಿಯ ಬಾಧೆ ಅನುಭವಿಸಬೇಕು. ಅದಕ್ಕೆ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಔಷಧಿ ಸೇರಿಸಿದರೆ ಬೆರಳ ತುದಿಗಳು ಜೋಮು ಹಿಡಿದು, ಕೆಲವರಲ್ಲಿ ಆ ಜೋಮು ವರ್ಷಗಟ್ಟಲೆ ಉಳಿಯುತ್ತದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರಿಗೆ ಬೆರಳ ತುದಿಯ ಸ್ಪರ್ಶ ಹೋಯಿತೆಂದರೆ ಕಸುಬೇ ಹೋದಂತೆ. ಕೀಮೋ ಬೇಡವಾಗಿದ್ದವರಿಗೆ ಅದನ್ನು ಕೊಡುವುದು ಎಷ್ಟು ಅನ್ಯಾಯವೋ ಬೇಕಾಗಿದ್ದವರಿಗೆ ಕೊಡದೆ ಬಿಡುವುದೂ ಅಷ್ಟೇ ಅನ್ಯಾಯವಾದ್ದರಿಂದ, ಇವರಿಬ್ಬರನ್ನು ಬೇರ್ಪಡಿಸುವ ಯಾವ ಸಾಧನವನ್ನೂ ನಾವು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಈಗ ನಾವು ಬೇರ್ಪಡಿಸುವುದು ಹೇಗೆ? ಗಡ್ಡೆ ಕರುಳಿನ ಹೊರಪದರವನ್ನೂ ಸೀಳಿದ್ದರೆ, ಕರುಳು ಕಟ್ಟಿಕೊಂಡಿದ್ದರೆ ಅಥವಾ ತೂತು ಬಿದ್ದಿದ್ದರೆ, ರಕ್ತನಾಳದೊಳಗೆ ಕ್ಯಾನ್ಸರ್ ಕೋಶ ಕಂಡರೆ, ಪರೀಕ್ಷಿಸಿದ ಗ್ರಂಥಿಗಳು 12ಕ್ಕಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚೆಂದು ಬರೆಯುತ್ತೇವೆ. ಕೊನೆಯ ಲಕ್ಷಣವನ್ನು ಗಮನಿಸಿ: ಗ್ರಂಥಿಗಳ ಸಂಖ್ಯೆ ಸರ್ಜನ್ನರು ಕೊಬ್ಬನ್ನು ಎಷ್ಟು ಅಗಲಕ್ಕೆ ತೆಗೆದರು, ನಮ್ಮ ವಿಭಾಗದ ಕಿರಿಯ ವೈದ್ಯರು ಅದರೊಳಗೆ ಎಷ್ಟು ತಾಳ್ಮೆಯಿಂದ ಹುಡುಕಿದರು ಎಂಬುದರ ಮೇಲೆ ನಿಂತಿದೆಯೇ ಹೊರತು ಗಡ್ಡೆಯ ಸ್ವಭಾವದ ಮೇಲೆ ಮಾತ್ರವಲ್ಲ. ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ಎಂಎಂಆರ್ ಪ್ರೋಟೀನುಗಳ ಪರೀಕ್ಷೆ ನಿಜಕ್ಕೂ ಉಪಕಾರಿ. ಆ ಪ್ರೋಟೀನುಗಳು ಕಾಣೆಯಾದ ಗಡ್ಡೆಗಳು ಎರಡನೇ ಹಂತದಲ್ಲಿ ಸಾಮಾನ್ಯವಾಗಿ ಮರುಕಳಿಸುವುದು ಕಡಿಮೆ. ಆದರೆ ಅಂಥವು ನೂರಕ್ಕೆ 15-20ರಷ್ಟು. ಉಳಿದ ದೊಡ್ಡ ಪಾಲಿನ ಬಗ್ಗೆ ಅನುಮಾನ ಹಾಗೆಯೇ ಉಳಿಯುತ್ತದೆ.

ಮೈಕ್ರೋ ಆರ್‌ಎನ್‌ಎಗಳು ಈ ಅನುಮಾನದ ಜಾಗಕ್ಕೆ ಬರುತ್ತವೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಈ ತುಣುಕುಗಳು ತಾವು ಪ್ರೋಟೀನ್ ತಯಾರಿಸದಿದ್ದರೂ ಬೇರೆ ಜೀನ್‌ಗಳ ಸಂದೇಶವನ್ನು ಅಡಗಿಸಬಲ್ಲವು. ಇವುಗಳಲ್ಲಿ ಮೊದಲನೆಯದನ್ನು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರು 1993ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಗುರುತಿಸಿದರು. 2024ರ ವೈದ್ಯಕೀಯ ನೊಬೆಲ್ ಅವರಿಬ್ಬರಿಗೆ ಸಂದಿತು. ಕರುಳಿನ ಕ್ಯಾನ್ಸರ್‌ನಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವುದು ಮಿರ್-21 ಎಂಬ ಮೈಕ್ರೋ ಆರ್‌ಎನ್‌ಎ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿ-ಟೆನ್, ಪಿಡಿಸಿಡಿ-4 ಎಂಬ ಜೀನ್‌ಗಳನ್ನು ಅದು ಅದುಮಿಡುತ್ತದೆ. ಅಮೆರಿಕದ ಮೇರಿಲ್ಯಾಂಡಿನ 84 ಮತ್ತು ಹಾಂಕಾಂಗಿನ 113 ರೋಗಿಗಳ ಗಡ್ಡೆಗಳನ್ನು ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿರ್-21 ಹೆಚ್ಚಿದ್ದವರ ಸಾವಿನ ಅಪಾಯ ಮೊದಲ ಗುಂಪಿನಲ್ಲಿ 2.5 ಪಟ್ಟು, ಎರಡನೆಯದರಲ್ಲಿ 2.4 ಪಟ್ಟು ಇತ್ತು, ಮತ್ತು ಈ ಸಂಬಂಧ ರೋಗದ ಹಂತವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿಯಿತು. ಎರಡು ಖಂಡಗಳ, ಬೇರೆ ಆಹಾರ ಬೇರೆ ಜನಾಂಗಗಳ ರೋಗಿಗಳಲ್ಲಿ ಅಂಕಿಗಳು ಇಷ್ಟು ಹತ್ತಿರ ಬರುವುದು ನಮ್ಮ ಶಾಸ್ತ್ರದಲ್ಲಿ ದಿನನಿತ್ಯದ ಸಂಗತಿಯಲ್ಲ. 2011ರಲ್ಲಿ ಡೆನ್ಮಾರ್ಕಿನವರು ಎರಡನೇ ಹಂತದ ರೋಗಿಗಳನ್ನೇ ಆರಿಸಿಕೊಂಡು, ಕೊಲೊನ್, ಅಂದರೆ ಗುದನಾಳವನ್ನು ಬಿಟ್ಟ ದೊಡ್ಡ ಕರುಳಿನ, ಕ್ಯಾನ್ಸರ್‌ನಲ್ಲಿ ಮಿರ್-21 ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸಿತೆಂದು ತೋರಿಸಿದರು. 2013ರಲ್ಲಿ ಚೀನಾದ ಸಂಶೋಧಕರು ಮಿರ್-21 ಸೇರಿದಂತೆ ಆರು ಮೈಕ್ರೋ ಆರ್‌ಎನ್‌ಎಗಳನ್ನು ಒಟ್ಟುಗೂಡಿಸಿ ಒಂದು ಅಂಕ ಕಟ್ಟಿದರು, ಎರಡನೇ ಹಂತದ ಬೇರೊಂದು ದೊಡ್ಡ ಗುಂಪಿನ ಮೇಲೆ ಅದನ್ನು ಒರೆಗೆ ಹಚ್ಚಿದರು, ಅಲ್ಲಿಯೂ ಅದು ಅಪಾಯದವರನ್ನು ಬೇರ್ಪಡಿಸಿತು. ಹೆಚ್ಚಿನ ಅಂಕದವರಿಗೆ ಕೀಮೋದಿಂದ ಲಾಭವಾದ ಸೂಚನೆಯೂ ಸಿಕ್ಕಿತು.

ಪ್ರಯೋಗಾಲಯದವರ ಕಣ್ಣಿನಿಂದ ನೋಡಿದರೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇರೊಂದಿದೆ. ಫಾರ್ಮಲಿನ್ನಿನಲ್ಲಿ ಇಟ್ಟು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಬ್ಲಾಕಿನಲ್ಲಿ ಉದ್ದನೆಯ ಆರ್‌ಎನ್‌ಎಗಳು ಚೂರುಚೂರಾಗಿ ಒಡೆದುಹೋಗುತ್ತವೆ, ಆದರೆ ಮೈಕ್ರೋ ಆರ್‌ಎನ್‌ಎಗಳು ಮೊದಲೇ ಇಷ್ಟು ಗಿಡ್ಡವಾಗಿರುವುದರಿಂದ ಮತ್ತೆ ಒಡೆಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ವರ್ಷಗಳ ಹಿಂದಿನ ಬ್ಲಾಕಿನಿಂದಲೂ ಅವುಗಳನ್ನು ಹೊರತೆಗೆದು ಅಳೆಯಬಹುದು. ಅಳೆಯಲು ಬೇಕಾದ ಆರ್‌ಟಿ-ಪಿಸಿಆರ್ ಯಂತ್ರ ಒಂದು ಕಾಲಕ್ಕೆ ಬೆಂಗಳೂರಿನ ಸೊತ್ತಾಗಿತ್ತು. ಕೋವಿಡ್ ಬಂದ ಮೇಲೆ ಜಿಲ್ಲಾ ಮಟ್ಟದ ಪ್ರಯೋಗಾಲಯಗಳಿಗೂ ಅದು ಬಂತು, ಅದನ್ನು ನಡೆಸಲು ಕಲಿತ ತಂತ್ರಜ್ಞರೂ ಇದ್ದಾರೆ. ಆ ಯಂತ್ರಗಳಿಗೆ ಈಗ ಕೆಲಸ ಹುಡುಕಬೇಕಾದ ಕಾಲ. ರಕ್ತದ ಪ್ಲಾಸ್ಮಾದಲ್ಲಿ ಮೈಕ್ರೋ ಆರ್‌ಎನ್‌ಎಗಳು ಕೆಡದೆ ಉಳಿಯುತ್ತವೆಂದು 2008ರಲ್ಲಿಯೇ ತಿಳಿದುಬಂದಿದೆ; ಆದರೆ ನನ್ನ ವಾದ ಅದರ ಮೇಲೆ ನಿಂತಿಲ್ಲ, ಬ್ಲಾಕಿನ ಮೇಲೆ ನಿಂತಿದೆ.

ಉದ್ದ ನಾನ್‌ಕೋಡಿಂಗ್ ಆರ್‌ಎನ್‌ಎಗಳ ಬಗ್ಗೆ ನಾನು ಇಷ್ಟು ಧೈರ್ಯದಿಂದ ಮಾತಾಡಲಾರೆ. ಹಾಟ್‌ಏರ್ ಎಂಬುದು ಹೆಚ್ಚಿದ್ದವರಲ್ಲಿ ಯಕೃತ್ತಿಗೆ ರೋಗ ಹಬ್ಬುವುದು ಜಾಸ್ತಿಯೆಂದು 2011ರಲ್ಲಿ ಜಪಾನಿನವರು ವರದಿ ಮಾಡಿದರು. ಎಂಟನೇ ಕ್ರೋಮೋಸೋಮಿನಲ್ಲಿ ಕರುಳಿನ ಕ್ಯಾನ್ಸರ್‌ನ ಆನುವಂಶಿಕ ಅಪಾಯ ಹೊತ್ತ ಜಾಗದಲ್ಲಿಯೇ ಸಿಸಿಎಟಿ-2 ಸಿಕ್ಕಿತು. ಇವು ಆಸಕ್ತಿಯ ವಿಷಯಗಳು, ಆದರೆ ಆಸ್ಪತ್ರೆಯ ವರದಿಗೆ ಇನ್ನೂ ಬರುವಂಥವಲ್ಲ.

ಮಾರ್ಗಸೂಚಿಗಳಲ್ಲಿ ಮೈಕ್ರೋ ಆರ್‌ಎನ್‌ಎ ಇಲ್ಲವಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಎಂಎಂಆರ್ ದೋಷವಿರುವ ಗಡ್ಡೆಗಳಿಗೆ ಫ್ಲೋರೋಯುರಾಸಿಲ್‌ನಿಂದ ಲಾಭವಿಲ್ಲವೆಂದು 2003ರಲ್ಲಿ ಮೊದಲು ತೋರಿಸಿದ್ದು ಹಳೆಯ ಪ್ರಯೋಗಗಳಿಂದ ಉಳಿದಿದ್ದ ಗಡ್ಡೆಯ ಮಾದರಿಗಳನ್ನು ಮತ್ತೆ ತೆರೆದು ನೋಡಿದವರು; ಮಾರ್ಗಸೂಚಿ ಅವರ ಹಿಂದೆ ಬಂತು. ಭಾರತದ ರೋಗಿಗಳು ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನವರು, ಅವರಲ್ಲಿ ಗುದನಾಳದ ಕ್ಯಾನ್ಸರ್‌ನ ಪಾಲು ಹೆಚ್ಚು, ಸಿಗ್ನೆಟ್ ರಿಂಗ್ ಎಂಬ ಕೆಟ್ಟ ಬಗೆಯೂ ಹೆಚ್ಚು. ಅವರ ಬ್ಲಾಕುಗಳು ನಮ್ಮ ಕಪಾಟಿನಲ್ಲಿವೆ. ನಾನು ಕೇಳುತ್ತಿರುವುದು ಇಷ್ಟೇ: ಎಂಎಂಆರ್ ಸರಿಯಿದ್ದು, ಉಳಿದ ಲಕ್ಷಣಗಳಿಂದ ತೀರ್ಮಾನ ಆಗದ ಎರಡನೇ ಹಂತದ ರೋಗಿಯಲ್ಲಿ, ಒಂದೇ ವಿಧಾನದಿಂದ ಅಳೆದ ಮಿರ್-21 ಮತ್ತು ಅದರ ಜೊತೆಯ ಆರ್‌ಎನ್‌ಎಗಳ ಅಂಕ ವರದಿಯ ಕೊನೆಯಲ್ಲಿ ಒಂದು ಸಾಲಾಗಿ ಇರಲಿ, ಕೀಮೋ ಕೊಡುವ ವೈದ್ಯರು ಅದನ್ನು ಬೇರೆ ಲಕ್ಷಣಗಳ ಜೊತೆ ತೂಗಲಿ. ವೈದ್ಯರು ಹೇಗೂ ಊಹೆಯ ಮೇಲೆಯೇ ತೀರ್ಮಾನಿಸುತ್ತಿರುವಾಗ, ಎರಡು ಖಂಡಗಳಲ್ಲಿ ಒರೆಗೆ ಹಚ್ಚಿದ ಅಂಕಿಯೊಂದು ಆ ಊಹೆಗೆ ಸೇರುವುದರಿಂದ ಕೆಡುವುದೇನು?

ವಿರೋಧ: ಗತಿ ಹೇಳುವ ಅಂಕಿ ಕೀಮೋ ತೀರ್ಮಾನಿಸುವ ಅಂಕಿಯಲ್ಲ

ಪರವಾಗಿ ಬರೆದ ರೋಗಶಾಸ್ತ್ರಜ್ಞರು ಎರಡನೇ ಹಂತದ ತೊಡಕನ್ನು ಸರಿಯಾಗಿಯೇ ಹೇಳಿದ್ದಾರೆ. ಮಿರ್-21ಕ್ಕೂ ಕರುಳಿನ ಕ್ಯಾನ್ಸರ್‌ನ ಗತಿಗೂ ಸಂಬಂಧವಿದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಷ್ಟು ಕಡೆ ಅಷ್ಟು ಸಲ ಕಂಡ ಸಂಬಂಧ ಆಕಸ್ಮಿಕವಾಗಿರಲಾರದು. ಆದರೆ ಅವರು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅವರು ಅಂದುಕೊಂಡಷ್ಟು ಸುಲಭವಲ್ಲ. ಕೆಡುವುದಿದೆ, ಮತ್ತು ಅದು ಹೊರರೋಗಿ ವಿಭಾಗದಲ್ಲಿ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತವರಿಗೆ ಕೆಡುತ್ತದೆ.

ಅವರೇ ಕೊಟ್ಟ ಸಾವಿನ ಅಂಕಿಗಳನ್ನು ಮರುಕಳಿಕೆಗೂ ಅನ್ವಯಿಸಿ ಲೆಕ್ಕ ಮಾಡೋಣ. ಎರಡನೇ ಹಂತದ ನೂರು ರೋಗಿಗಳಲ್ಲಿ 20 ಮಂದಿಗೆ ರೋಗ ಮರುಕಳಿಸುತ್ತದೆಂದು ಇಟ್ಟುಕೊಳ್ಳಿ. ಮಿರ್-21 ಹೆಚ್ಚಿರುವವರು ಅರ್ಧ, ಕಡಿಮೆಯಿರುವವರು ಅರ್ಧ, ಅಪಾಯದ ವ್ಯತ್ಯಾಸ ಸುಮಾರು ಎರಡೂವರೆ ಪಟ್ಟು ಎಂದರೆ, ಹೆಚ್ಚಿನ ಗುಂಪಿನ 50 ಮಂದಿಯಲ್ಲಿ ಸುಮಾರು 14, ಕಡಿಮೆ ಗುಂಪಿನ 50ರಲ್ಲಿ ಸುಮಾರು 6 ಮಂದಿಗೆ ರೋಗ ಮರಳುತ್ತದೆ. ಅಂದರೆ ‘ಅಪಾಯ ಹೆಚ್ಚು’ ಎಂದು ಬರೆಸಿಕೊಂಡವರಲ್ಲಿ 36 ಮಂದಿಗೆ ಏನೂ ಆಗುವುದಿಲ್ಲ, ‘ಅಪಾಯ ಕಡಿಮೆ’ ಎಂದು ನೆಮ್ಮದಿಯಿಂದ ಮನೆಗೆ ಹೋದವರಲ್ಲಿ ಆರು ಮಂದಿ ಮರಳಿ ಬರುತ್ತಾರೆ. ಪ್ರಬಂಧದಲ್ಲಿ ಎರಡು ರೇಖೆಗಳು ಬೇರೆಬೇರೆಯಾಗಿ ಇಳಿಯುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಒಬ್ಬ ರೋಗಿಯ ವಿಷಯದಲ್ಲಿ ಅದು ಹೇಳುವುದು ಇಷ್ಟು ಸ್ವಲ್ಪ.

ಅದಕ್ಕಿಂತ ಮುಖ್ಯವಾದ ಮಾತು, ಗಡ್ಡೆ ಕೆಟ್ಟದ್ದೆಂದು ತಿಳಿದ ಮಾತ್ರಕ್ಕೆ ಕೀಮೋ ಅದಕ್ಕೆ ನಾಟುತ್ತದೆಂದು ತಿಳಿದಂತಾಗುವುದಿಲ್ಲ. ಕೆಟ್ಟ ಗಡ್ಡೆಗಳಲ್ಲಿ ಕೆಲವು ಔಷಧಿಗೂ ಜಗ್ಗದಿರುವುದರಿಂದಲೇ ಕೆಟ್ಟವಾಗಿರುತ್ತವೆ. 2008ರ ಅದೇ ಅಧ್ಯಯನದಲ್ಲಿ ಮಿರ್-21 ಹೆಚ್ಚಿದ್ದವರಲ್ಲಿ ಚಿಕಿತ್ಸೆಯ ಫಲವೂ ಕಳಪೆಯಾಗಿತ್ತು. ಹಾಗಿದ್ದರೆ ಆ ಅಂಕಿಯನ್ನು ನೋಡಿ ನಾನು ಕೀಮೋ ಕೊಡಬೇಕೆ, ಬಿಡಬೇಕೆ? ಚೀನಾದ ಆರು ಆರ್‌ಎನ್‌ಎಗಳ ಅಂಕ ಲಾಭದ ಸೂಚನೆ ತೋರಿಸಿತೆಂದು ಅವರು ಬರೆದಿದ್ದಾರೆ. ಆದರೆ ಆ ರೋಗಿಗಳಲ್ಲಿ ಯಾರಿಗೆ ಕೀಮೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ, ವೈದ್ಯರೂ ರೋಗಿಗಳೂ ಆರಿಸಿಕೊಂಡಿದ್ದರು, ಮತ್ತು ಆ ವಿಶ್ಲೇಷಣೆ ಮೊದಲೇ ಯೋಜಿಸಿದ್ದಲ್ಲ. ಕೀಮೋ ತಡೆದುಕೊಳ್ಳುವಷ್ಟು ಗಟ್ಟಿಯಾಗಿದ್ದವರೇ ಕೀಮೋ ತೆಗೆದುಕೊಂಡಿರುತ್ತಾರೆ. ಅವರು ಹೆಚ್ಚು ಕಾಲ ಬದುಕಿದ್ದರಲ್ಲಿ ಔಷಧಿಯ ಪಾಲೆಷ್ಟು, ಮೈಯ ಗಟ್ಟಿತನದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಎಂಎಂಆರ್ ಉದಾಹರಣೆ ಅವರ ವಾದಕ್ಕೆ ಸಹಾಯ ಮಾಡುವುದಕ್ಕಿಂತ ಹೆಚ್ಚಾಗಿ ನನ್ನದಕ್ಕೆ ಸಹಾಯ ಮಾಡುತ್ತದೆ. 2003ರಲ್ಲಿ ತೆರೆದು ನೋಡಿದ ಮಾದರಿಗಳು ಯಾವುದೋ ಕಪಾಟಿನವಾಗಿರಲಿಲ್ಲ; ಕೀಮೋ ಕೊಟ್ಟವರನ್ನೂ ಕೊಡದವರನ್ನೂ ಚೀಟಿ ಎತ್ತಿ ವಿಂಗಡಿಸಿದ್ದ ಪ್ರಯೋಗಗಳಿಂದ ಬಂದವು. ಆದ್ದರಿಂದಲೇ ಅವು ಔಷಧಿಯ ಲಾಭದ ಬಗ್ಗೆ ಮಾತಾಡಬಲ್ಲವಾಗಿದ್ದವು. ನಮ್ಮ ಕಪಾಟಿನ ಬ್ಲಾಕುಗಳು ಗತಿಯ ಬಗ್ಗೆ ಮಾತ್ರ ಮಾತಾಡಬಲ್ಲವು.

ಇನ್ನು ಅಳತೆಯ ವಿಷಯ. ‘ಒಂದೇ ವಿಧಾನದಿಂದ ಅಳೆದ’ ಎಂದು ಅವರು ಬರೆದ ಮೂರು ಪದಗಳ ಒಳಗೆ ಈ ಕ್ಷೇತ್ರದ ಅರ್ಧ ಜಗಳ ಅಡಗಿದೆ. ಪಿಸಿಆರ್‌ನಲ್ಲಿ ಮಿರ್-21 ಎಷ್ಟಿದೆಯೆಂದು ನೇರವಾಗಿ ತಿಳಿಯುವುದಿಲ್ಲ, ಮತ್ತೊಂದು ಆರ್‌ಎನ್‌ಎಗೆ ಹೋಲಿಸಿ ಹೇಳಬೇಕು. ಕೆಲವರು ಯು-6ಕ್ಕೆ ಹೋಲಿಸುತ್ತಾರೆ, ಕೆಲವರು ಮಿರ್-16ಕ್ಕೆ, ಮತ್ತೆ ಕೆಲವರು ಹಲವುಗಳ ಸರಾಸರಿಗೆ. ಹೋಲಿಕೆಯ ಆರ್‌ಎನ್‌ಎಯೇ ಗಡ್ಡೆಯಿಂದ ಗಡ್ಡೆಗೆ ಬದಲಾದರೆ ಮಿರ್-21ರ ಅಂಕಿಯೂ ಬದಲಾಗುತ್ತದೆ. ದಾವಣಗೆರೆಯ ಎಪಿಎಂಸಿಯಲ್ಲಿ ಒಂದೇ ಚೀಲದ ಮೆಕ್ಕೆಜೋಳಕ್ಕೆ ಇಬ್ಬರು ವರ್ತಕರ ಮೀಟರುಗಳು ಬೇರೆಬೇರೆ ತೇವಾಂಶ ತೋರಿಸಿದರೆ ರೈತ ಅಲ್ಲಿಯೇ ಜಗಳಕ್ಕೆ ನಿಲ್ಲುತ್ತಾನೆ. ರೋಗಿಗೆ ಹಾಗೆ ಜಗಳವಾಡಲು ಎರಡನೆಯ ಮೀಟರೇ ಇರುವುದಿಲ್ಲ. ಹೆಚ್ಚು-ಕಡಿಮೆಯ ಗೆರೆಯ ಕಥೆಯೂ ಅಷ್ಟೇ. ಬಹಳಷ್ಟು ಅಧ್ಯಯನಗಳಲ್ಲಿ ಆ ಗುಂಪಿನ ಮಧ್ಯಮ ಬೆಲೆಯನ್ನೋ, ರೇಖೆಗಳು ಚೆನ್ನಾಗಿ ಬೇರ್ಪಡುವಂಥ ಬೆಲೆಯನ್ನೋ ಗೆರೆಯಾಗಿ ಆರಿಸಿರುತ್ತಾರೆ. ಹೊಸಬ ರೋಗಿಯೊಬ್ಬ ಹೊಳಲ್ಕೆರೆಯಿಂದ ಬಂದಾಗ ಅವನ ಅಂಕಿಯನ್ನು ಯಾರ ಮಧ್ಯಮ ಬೆಲೆಗೆ ಹೋಲಿಸಬೇಕು?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆಯುವುದು ಇದಕ್ಕೂ ಆಳದ ಸಂಗತಿ: ಅಳೆಯುತ್ತಿರುವ ಆರ್‌ಎನ್‌ಎ ಯಾವ ಕೋಶದ್ದು ಎಂಬ ಪ್ರಶ್ನೆ. ಮಿರ್-143 ಮತ್ತು ಮಿರ್-145 ಕರುಳಿನ ಕ್ಯಾನ್ಸರ್‌ನಲ್ಲಿ ಕಡಿಮೆಯಾಗುತ್ತವೆಂದು 2003ರಲ್ಲಿ ವರದಿಯಾಯಿತು, ಅವು ಕ್ಯಾನ್ಸರನ್ನು ತಡೆಯುವ ಆರ್‌ಎನ್‌ಎಗಳೆಂದು ನೂರಾರು ಪ್ರಬಂಧಗಳು ಬಂದವು. 2014ರಲ್ಲಿ ಇಲಿಗಳ ಮೇಲೆ ನಡೆದ ಎಚ್ಚರದ ಕೆಲಸದಿಂದ ತಿಳಿದದ್ದೇನೆಂದರೆ, ಅವು ಕರುಳಿನ ಒಳಪದರದ ಕೋಶಗಳಲ್ಲಿ ಇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಸ್ನಾಯು ಮತ್ತು ಆಧಾರ ಅಂಗಾಂಶದ ಕೋಶಗಳಲ್ಲಿ. ಕ್ಯಾನ್ಸರ್ ಹುಟ್ಟುವುದು ಒಳಪದರದ ಕೋಶದಲ್ಲಿ. ಗಡ್ಡೆಯ ತುಂಡಿನಲ್ಲಿ ಕ್ಯಾನ್ಸರ್ ಕೋಶಗಳು ತುಂಬಿಕೊಂಡು ಸ್ನಾಯುವಿನ ಪಾಲು ಇಳಿದಿದ್ದರೆ, ಯಾವ ಕೋಶವೂ ತನ್ನ ಮಿರ್-143ನ್ನು ಕಡಿಮೆ ಮಾಡಿಕೊಳ್ಳದಿದ್ದರೂ ಒಟ್ಟು ಅಂಕಿ ಇಳಿದು ಕಾಣುತ್ತದೆ. ಅವರು ಮೆಚ್ಚಿದ ಆರರ ಪಟ್ಟಿಯಲ್ಲಿ ಮಿರ್-143ರ ಒಂದು ಎಳೆಯೂ ಇದೆ. ಮಿರ್-21ರ ವಿಷಯದಲ್ಲಿಯೂ ಡೆನ್ಮಾರ್ಕಿನವರು ಅದನ್ನು ಅಳೆದದ್ದು ಸ್ಲೈಡಿನ ಮೇಲೆ ಬಣ್ಣ ಬರಿಸಿ, ಮತ್ತು ಅವರಿಗೆ ಅದು ಹೆಚ್ಚಾಗಿ ಕಂಡದ್ದು ಗಡ್ಡೆಯ ಸುತ್ತಲಿನ ಆಧಾರ ಅಂಗಾಂಶದಲ್ಲಿ. ಬ್ಲಾಕಿನ ಯಾವ ಮೂಲೆಯಿಂದ ತೆಳುಹೋಳು ಕತ್ತರಿಸಿದಿರಿ, ಅದರಲ್ಲಿ ಆಧಾರ ಅಂಗಾಂಶ ಎಷ್ಟಿತ್ತು ಎಂಬುದರ ಮೇಲೆ ಪಿಸಿಆರ್ ಅಂಕಿ ಏರುತ್ತದೆ, ಇಳಿಯುತ್ತದೆ. ಗ್ರಂಥಿಗಳ ಸಂಖ್ಯೆ ಹುಡುಕುವವರ ತಾಳ್ಮೆಯ ಮೇಲೆ ನಿಂತಿದೆಯೆಂದು ದೂರಿದವರು ತಮ್ಮ ಅಂಕಿ ಕತ್ತರಿಸುವವರ ಕೈಯ ಮೇಲೆ ನಿಂತಿರುವುದನ್ನೂ ಗಮನಿಸಬೇಕಿತ್ತು.

ಅದೇ ಡೆನ್ಮಾರ್ಕ್ ಅಧ್ಯಯನದಲ್ಲಿ ಅವರು ಹೇಳದೆ ಬಿಟ್ಟ ಒಂದು ಫಲಿತಾಂಶವಿದೆ. ಮಿರ್-21ಕ್ಕೂ ರೋಗದ ಮರುಕಳಿಕೆಗೂ ಸಂಬಂಧ ಕಂಡದ್ದು ಕೊಲೊನ್ ಕ್ಯಾನ್ಸರ್‌ನಲ್ಲಿ. ಗುದನಾಳದ ಕ್ಯಾನ್ಸರ್‌ನಲ್ಲಿ ಅಂಥ ಸಂಬಂಧ ಕಾಣಲಿಲ್ಲ. ನಮ್ಮ ರೋಗಿಗಳಲ್ಲಿ ಗುದನಾಳದ ಕ್ಯಾನ್ಸರ್‌ನ ಪಾಲು ಹೆಚ್ಚೆಂದು ಅವರೇ ಬರೆದಿದ್ದಾರೆ. ಗುದನಾಳದವರಲ್ಲಿ ಎಷ್ಟೋ ಜನರಿಗೆ ಆಪರೇಷನ್ನಿಗೆ ಮೊದಲೇ ರೇಡಿಯೇಷನ್ ಆಗಿರುತ್ತದೆ. ಅದರಿಂದ ಕ್ಯಾನ್ಸರ್ ಕೋಶ ಸತ್ತು, ಗಾಯ ಒಣಗಿದ ಅಂಗಾಂಶ ತುಂಬಿಕೊಂಡ ಬ್ಲಾಕಿನಲ್ಲಿ ಆ ಅಂಕಿಯ ಅರ್ಥವೇನೆಂದು ಯಾರೂ ಭರವಸೆಯಿಂದ ಹೇಳಲಾರರು.

ರಕ್ತದ ಪರೀಕ್ಷೆಯನ್ನು ಅವರು ಬದಿಗಿಟ್ಟದ್ದು ಒಳ್ಳೆಯದಾಯಿತು. ಮಿರ್-16, ಮಿರ್-451 ಕೆಂಪು ರಕ್ತಕಣಗಳಲ್ಲಿ ತುಂಬಿರುತ್ತವೆ, ಟ್ಯೂಬಿನಲ್ಲಿ ಕಣಗಳು ಒಡೆದರೆ ಪ್ಲಾಸ್ಮಾದ ಲೆಕ್ಕವೆಲ್ಲ ತಪ್ಪುತ್ತದೆ; ಬೇಸಿಗೆಯಲ್ಲಿ ಚಳ್ಳಕೆರೆಯಲ್ಲಿ ತೆಗೆದ ರಕ್ತ ಬೆಂಗಳೂರಿನ ಲ್ಯಾಬಿಗೆ ಸೇರುವ ಹೊತ್ತಿಗೆ ಏನಾಗಿರುತ್ತದೆಂದು ಲ್ಯಾಬ್ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ. ಆದರೆ ‘ಕರುಳಿನ ಕ್ಯಾನ್ಸರ್‌ಗೆ ಮೈಕ್ರೋ ಆರ್‌ಎನ್‌ಎ’ ಎಂದು ಒಂದು ಆಸ್ಪತ್ರೆ ವರದಿಯಲ್ಲಿ ಬರೆಯತೊಡಗಿದರೆ, ಮುಂದೆ ಬಂದು ನಿಲ್ಲುವುದು ರಕ್ತ ತೆಗೆದುಕೊಂಡು ಹೋಗುವ ಖಾಸಗಿ ಲ್ಯಾಬಿನ ಪ್ಯಾಕೇಜೇ ಹೊರತು ಬ್ಲಾಕಿನ ಎಚ್ಚರದ ಅಧ್ಯಯನವಲ್ಲ ಎಂಬ ಭಯ ನನಗಿದೆ.

ಈ ಕ್ಷೇತ್ರದ ಸಾಹಿತ್ಯವೂ ನಂಬಿಕೆ ಹುಟ್ಟಿಸುವಂತಿಲ್ಲ. ಮಿರ್‌ಬೇಸ್ ಎಂಬ ಪಟ್ಟಿಯ 22ನೇ ಆವೃತ್ತಿಯಲ್ಲಿ ಮನುಷ್ಯರ 2,654 ಮೈಕ್ರೋ ಆರ್‌ಎನ್‌ಎಗಳಿವೆ. ಕಟ್ಟುನಿಟ್ಟಾಗಿ ಸೋಸಿದವರು ನಿಜವಾದ ಜೀನ್‌ಗಳೆಂದು ಒಪ್ಪುವುದು ಐನೂರರ ಆಸುಪಾಸು. ಎರಡು ಸಾವಿರದ ಆರುನೂರನ್ನೂ ಒಟ್ಟಿಗೆ ಅಳೆದು, ಆಕಸ್ಮಿಕವಾಗಿ ಸಂಬಂಧ ಕಾಣುವ ಸಂಭವಕ್ಕೆ ಶೇಕಡ 5ರ ಗೆರೆಯಿಟ್ಟರೆ, ಯಾವುದಕ್ಕೂ ಕ್ಯಾನ್ಸರ್‌ನ ಗತಿಯೊಂದಿಗೆ ಸಂಬಂಧವಿಲ್ಲದಿದ್ದರೂ ಸುಮಾರು 130 ಆರ್‌ಎನ್‌ಎಗಳು ಸಂಬಂಧವಿರುವಂತೆ ಕಾಣುತ್ತವೆ. ಉದ್ದ ನಾನ್‌ಕೋಡಿಂಗ್ ಆರ್‌ಎನ್‌ಎಗಳ ಸ್ಥಿತಿ ಇನ್ನೂ ಶೋಚನೀಯ: ಅಮೆರಿಕದ ಟಿಸಿಜಿಎ ಎಂಬ ಕ್ಯಾನ್ಸರ್ ಗಡ್ಡೆಗಳ ದತ್ತಾಂಶವೊಂದನ್ನೇ ಮತ್ತೆ ಮತ್ತೆ ಜಾಲಾಡಿ ಐದರ, ಏಳರ, ಒಂಬತ್ತರ ಗುಚ್ಛಗಳನ್ನು ಪ್ರಕಟಿಸುವುದು ಒಂದು ಉದ್ಯಮವಾಗಿದೆ, ಒಂದು ಗುಚ್ಛದ ಸದಸ್ಯರು ಇನ್ನೊಂದರಲ್ಲಿ ಕಾಣುವುದು ಅಪರೂಪ. ಶ್ವಾಸಕೋಶದ ಕ್ಯಾನ್ಸರ್ ಹಬ್ಬುವುದರ ಸೂಚಕವೆಂದು 2003ರಲ್ಲಿ ಹೆಸರು ಮಾಡಿದ ಮಲಾಟ್-1, ಸ್ತನ ಕ್ಯಾನ್ಸರ್ ಹಬ್ಬುವುದನ್ನು ತಡೆಯುತ್ತದೆಂದು 2018ರಲ್ಲಿ ಇಲಿಗಳ ಅಧ್ಯಯನವೊಂದು ಹೇಳಿತು. ಆಸ್ಟ್ರೇಲಿಯಾದ ಜೆನ್ನಿಫರ್ ಬರ್ನ್ ಮತ್ತು ಸಂಗಡಿಗರು ಜೀನ್ ಸಂಶೋಧನೆಯ ಪ್ರಬಂಧಗಳನ್ನು ಪರಿಶೀಲಿಸಿ, ಬಳಸಿದ್ದೇವೆಂದು ಬರೆದ ಆರ್‌ಎನ್‌ಎ, ಡಿಎನ್‌ಎ ಅಕ್ಷರಸರಣಿಗಳೇ ತಪ್ಪಾಗಿರುವ ನೂರಾರು ಪ್ರಬಂಧಗಳನ್ನು ಪತ್ತೆಹಚ್ಚಿದ್ದಾರೆ. ಅವರು ಶೋಧಿಸಿದ ರಾಶಿಗಳಲ್ಲಿ ಒಂದು ಮಿರ್-145ರ ಪ್ರಬಂಧಗಳದು. 2008ರ ಮತ್ತು 2013ರ ಅಧ್ಯಯನಗಳು ಆ ಜಾತಿಯವಲ್ಲವೆಂದು ಒಪ್ಪುತ್ತೇನೆ. ಆದರೆ ಅವುಗಳಿಂದ ಮುಂದೆ ಇಷ್ಟು ವರ್ಷ ಕಳೆದರೂ ಚಿಕಿತ್ಸೆಯ ತೀರ್ಮಾನಕ್ಕೆ ಬರುವಂಥ ಪ್ರಯೋಗ ಆಗದಿರುವುದಕ್ಕೆ ಕಾರಣ ಜಗತ್ತಿನ ಸೋಮಾರಿತನವಿರಲಾರದು.

ಈ ನಡುವೆ ಬೇರೊಂದು ದಾರಿ ಮುಂದೆ ಹೋಗಿದೆ. ಆಸ್ಟ್ರೇಲಿಯಾದ ಡೈನಾಮಿಕ್ ಪ್ರಯೋಗ, 2022ರಲ್ಲಿ ಪ್ರಕಟವಾದದ್ದು, ಎರಡನೇ ಹಂತದ 455 ರೋಗಿಗಳನ್ನು ಚೀಟಿ ಎತ್ತಿ ವಿಂಗಡಿಸಿತು. ಒಂದು ಗುಂಪಿಗೆ ವೈದ್ಯರ ಎಂದಿನ ವಿವೇಚನೆ; ಇನ್ನೊಂದು ಗುಂಪಿನಲ್ಲಿ ಆಪರೇಷನ್ನಿನ ನಂತರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಉಳಿದಿದೆಯೆ ಎಂದು ನೋಡಿ, ಉಳಿದಿದ್ದರೆ ಮಾತ್ರ ಕೀಮೋ. ಎರಡನೆಯ ಗುಂಪಿನಲ್ಲಿ ಕೀಮೋ ಪಡೆದವರು ಶೇಕಡ 28ರಿಂದ 15ಕ್ಕೆ ಇಳಿದರು, ಎರಡು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರ ಪ್ರಮಾಣ ಒಂದರಲ್ಲಿ 92.4, ಇನ್ನೊಂದರಲ್ಲಿ 93.5. ಈ ಪರೀಕ್ಷೆ ನಮ್ಮ ರೋಗಿಗಳ ಕೈಗೆ ಎಟುಕದಷ್ಟು ದುಬಾರಿ, ಅದನ್ನು ನಾಳೆಯೇ ತರಬೇಕೆಂದು ನಾನು ಹೇಳುತ್ತಿಲ್ಲ. ಚಿಕಿತ್ಸೆಯ ತೀರ್ಮಾನದಲ್ಲಿ ಜಾಗ ಕೇಳುವ ಸೂಚಕ ಯಾವ ಬಗೆಯ ಪರೀಕ್ಷೆ ಪಾಸಾಗಿ ಬರಬೇಕು ಎಂಬುದನ್ನು ಮಾತ್ರ ಅದು ತೋರಿಸಿಕೊಟ್ಟಿದೆ.

ಹಣದ ಮಾತು ಬಂದಿರುವುದರಿಂದ ಹೇಳುತ್ತೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯಿದೆ, ಆದರೆ ವರದಿಯ ಕೊನೆಯ ಸಾಲಿನ ಮೈಕ್ರೋ ಆರ್‌ಎನ್‌ಎ ಅಂಥ ಪ್ಯಾಕೇಜಿನೊಳಗೆ ಬರುವ ಖರ್ಚಲ್ಲ. ಅದು ರೋಗಿಯ ಜೇಬಿನಿಂದಲೇ ಹೋಗಬೇಕು. ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಬರುವ ಎರಡನೇ ಹಂತದ ರೋಗಿಯ ಕಡತದಲ್ಲಿ ನನಗೆ ಬೇಕಾಗಿಯೂ ಸಿಗದಿರುವುದು ಬೇರೆ ಸಂಗತಿಗಳು. ಗ್ರಂಥಿಗಳ ಸಂಖ್ಯೆ 12 ತಲುಪದ ವರದಿಗಳು ಇನ್ನೂ ಬರುತ್ತವೆ. ಎಂಎಲ್ಎಚ್-1, ಎಂಎಸ್ಎಚ್-2, ಎಂಎಸ್ಎಚ್-6, ಪಿಎಂಎಸ್-2 ಎಂಬ ನಾಲ್ಕು ಎಂಎಂಆರ್ ಪ್ರೋಟೀನುಗಳ ಪರೀಕ್ಷೆ ಎಲ್ಲರಿಗೂ ಆಗಿರುವುದಿಲ್ಲ; ಆಗಿದ್ದರೆ ಕೆಲವರಿಗೆ ಕೀಮೋ ಬೇಡವೆಂದು ಅಂದೇ ಹೇಳಬಹುದಿತ್ತು, ವಂಶಪಾರಂಪರ್ಯವಾಗಿ ಬರುವ ಲಿಂಚ್ ಸಿಂಡ್ರೋಮ್ ಇರುವ ಮನೆಗಳ ಅಣ್ಣತಮ್ಮಂದಿರಿಗೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಿರೆಂದೂ ಹೇಳಬಹುದಿತ್ತು. ಆಪರೇಷನ್ನಿಗೆ ಮೊದಲಿನ ಸಿಇಎ ಎಂಬ ಕ್ಯಾನ್ಸರ್ ಸೂಚಕದ ರಕ್ತಪರೀಕ್ಷೆಯನ್ನೇ ಮರೆತಿರುವ ಕಡತಗಳಿವೆ. ಇವೆಲ್ಲ ಮಾರ್ಗಸೂಚಿಯೊಳಗಿರುವ, ಅರ್ಥ ತಿಳಿದಿರುವ ಅಂಕಿಗಳು. ರೋಗಶಾಸ್ತ್ರ ವಿಭಾಗದ ಬಳಿ ಹೊಸ ಪರೀಕ್ಷೆಗೆ ಹಣವೂ ಕೈಗಳೂ ಇದ್ದರೆ ಮೊದಲು ಎಂಎಂಆರ್ ಬಣ್ಣದ ಪರೀಕ್ಷೆ ಪ್ರತಿ ಕರುಳಿನ ಕ್ಯಾನ್ಸರ್‌ಗೂ ಆಗಲಿ.

ಬ್ಲಾಕುಗಳ ಅಧ್ಯಯನಕ್ಕೆ ನನ್ನ ವಿರೋಧವಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಕೊಲೊನ್ ಮತ್ತು ಗುದನಾಳದ ಬ್ಲಾಕುಗಳನ್ನು ಬೇರೆಬೇರೆಯಾಗಿಟ್ಟು, ಹೋಲಿಕೆಯ ಆರ್‌ಎನ್‌ಎ ಯಾವುದು, ಗೆರೆ ಎಲ್ಲಿ ಎಂಬುದನ್ನು ರೋಗಿಗಳ ಗತಿ ನೋಡುವುದಕ್ಕೆ ಮೊದಲೇ ಬರೆದಿಟ್ಟು, ಅಂಕಿಯನ್ನು ಅಳೆಯಲಿ. ಆಪರೇಷನ್ ಆದವರು ಈಗ ಹೇಗಿದ್ದಾರೆಂದು ಹುಡುಕಿ ತರುವ ಕೆಲಸದಲ್ಲಿ ನಮ್ಮ ವಿಭಾಗವೂ ಕೈಜೋಡಿಸುತ್ತದೆ, ಏಕೆಂದರೆ ಆ ಕೆಲಸವೇ ಕಷ್ಟದ್ದು, ಪಿಸಿಆರ್ ಅಲ್ಲ. ಆದರೆ ಆ ಅಂಕಿ ರೋಗಿಯ ವರದಿಯಲ್ಲಿ ಬೇಡ. ‘ಅಪಾಯ ಹೆಚ್ಚು’ ಎಂದು ಅಚ್ಚಾದ ಕಾಗದವನ್ನು ಕೈಯಲ್ಲಿ ಹಿಡಿದು ಬಂದವರಿಗೆ ಕೀಮೋ ಬೇಡವೆಂದು ಹೇಳುವ ಧೈರ್ಯ ಯಾವ ವೈದ್ಯರಿಗೂ ಬರುವುದಿಲ್ಲ, ಹೇಳಿದರೂ ಮನೆಯವರು ಕೇಳುವುದಿಲ್ಲ. ಹೀಗೆ, ತೂಗಿ ನೋಡಲೆಂದು ಬರೆದ ಕೊನೆಯ ಸಾಲು ಉಳಿದೆಲ್ಲ ಸಾಲುಗಳನ್ನು ನುಂಗಿಬಿಡುತ್ತದೆ. ಮಿರ್-21 ನೋಡಿ ತೀರ್ಮಾನಿಸಿದ ಗುಂಪನ್ನೂ ನೋಡದೆ ತೀರ್ಮಾನಿಸಿದ ಗುಂಪನ್ನೂ ಚೀಟಿ ಎತ್ತಿ ಹೋಲಿಸುವ ಪ್ರಯೋಗ ಎಲ್ಲಿಯಾದರೂ ಆರಂಭವಾದರೆ, ಅದಕ್ಕೆ ಸೇರುತ್ತೀರಾ ಎಂದು ನನ್ನ ರೋಗಿಗಳನ್ನು ಕೇಳಲು ನಾನು ಸಿದ್ಧನಿದ್ದೇನೆ. ಅದರ ಫಲಿತಾಂಶ ಬರುವವರೆಗೆ ಆ ಅಳತೆ ರೋಗಶಾಸ್ತ್ರ ವಿಭಾಗದ ಸಂಶೋಧನಾ ದಾಖಲೆಯಲ್ಲಿಯೇ ಇರಬೇಕು.